ಗಿಣ್ಣು ಹಾಲಾಗುವ ಬಗೆ

ಹಾಲು ತರುವಾಕೆ ಒಂದು ಮುಂಜಾನೆ ಎಂದಿನ ಹಾಲಿನ ಜೊತೆಗೆ ಇನ್ನೊಂದು ಸಣ್ಣ ಚೊಂಬನ್ನು ಹೊಸಿಲ ಬಳಿ ಇಳಿಸಿ, "ಹಸು ಕರು ಹಾಕೈತೆ ಕಣಮ್ಮಾ" ಎಂದರೆ ಮನೆಯ ಮಕ್ಕಳಿಗೆ ಅದೊಂದು ಹಬ್ಬ. ಚೊಂಬಿನಲ್ಲಿರುವುದು ಗಿಣ್ಣು. ಬಣ್ಣ ಹಳದಿ, ಬೆರಳಿಗೆ ಅಂಟುವಷ್ಟು ಮಂದ. ಅದಕ್ಕೆ ಬೆಲ್ಲವನ್ನೂ ಏಲಕ್ಕಿಯನ್ನೂ ಸೇರಿಸಿ ಪಾತ್ರೆಯನ್ನು ಹಬೆಯಲ್ಲಿಟ್ಟರೆ, ಸ್ವಲ್ಪ ಹೊತ್ತಿನಲ್ಲಿಯೇ ಅದು ತಾನಾಗಿ ಗಟ್ಟಿಯಾಗಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ಯುವಂತೆ ನಿಲ್ಲುತ್ತದೆ. ಹೆಪ್ಪು ಹಾಕಬೇಕಾದುದಿಲ್ಲ, ಹುಳಿ ಹಿಂಡಬೇಕಾದುದಿಲ್ಲ. ಅದೇ ಹಸುವಿನ ಹಾಲನ್ನು ಹತ್ತು ದಿನ ಕಳೆದ ಮೇಲೆ ಅದೇ ಪಾತ್ರೆಯಲ್ಲಿ, ಅದೇ ಹಬೆಯ ಮೇಲೆ, ಎಷ್ಟು ಹೊತ್ತು ಇಟ್ಟರೂ ಅದು ಹಾಲಾಗಿಯೇ ಉಳಿಯುತ್ತದೆ. ಹಸು ಬದಲಾಗಲಿಲ್ಲ, ಹುಲ್ಲು ಬದಲಾಗಲಿಲ್ಲ, ಕೆಚ್ಚಲೂ ಅದೇ. ಆ ಹತ್ತು ದಿನಗಳಲ್ಲಿ ಬದಲಾದುದು ಏನು, ಏಕೆ, ಯಾರಿಗಾಗಿ ಎಂಬುದೇ ಈ ಭಾಷಣದಲ್ಲಿ ನಾವು ವಿಚಾರಿಸಬೇಕೆಂದಿರುವ ವಿಷಯ.

ಇದನ್ನು ಅರಿಯುವುದಕ್ಕೆ ಪೇಟೆಯ ಕರೆಯುವ ಹಸುವಿಗಿಂತ ಯಾರೂ ಕರೆಯದ ಹಸುವೇ ಉತ್ತಮವಾದ ಉದಾಹರಣೆ. ಮನುಷ್ಯನು ಎರಡು ಹೊತ್ತು ಚೊಂಬು ಹಿಡಿದು ಕುಳಿತರೆ ಹಾಲಿನ ಲೆಕ್ಕವೆಲ್ಲ ಅವನದೇ ಆಗಿಬಿಡುತ್ತದೆ. ಕರುವಿನ ಲೆಕ್ಕ ಮರೆಯಾಗುತ್ತದೆ. ಅಮೆರಿಕದ ವಿಶಾಲವಾದ ಹುಲ್ಲುಗಾವಲುಗಳಲ್ಲಿ ಮಾಂಸಕ್ಕಾಗಿ ಸಾಕುವ ದನಗಳುಂಟು. ಇಂಗ್ಲೆಂಡಿನಿಂದ ಹೋದ ಹೆರೆಫರ್ಡ್, ಸ್ಕಾಟ್‌ಲೆಂಡಿನಿಂದ ಹೋದ ಆಂಗಸ್ ಎಂಬಿವು ಆ ಜಾತಿಯವು. ಆ ಹಸುಗಳನ್ನು ಯಾರೂ ಕರೆಯುವುದಿಲ್ಲ. ಹುಟ್ಟಿದ ಕರು ಸುಮಾರು ಏಳು ತಿಂಗಳು ತಾಯಿಯ ಜೊತೆಯಲ್ಲಿಯೇ ತಿರುಗುತ್ತ ಹಾಲು ಕುಡಿದು ಬೆಳೆಯುತ್ತದೆ. ಆ ದೇಶದವರ ಆಹಾರದ ವಿಚಾರದಲ್ಲಿ ಈ ಭಾಷಣವನ್ನು ಕೇಳುತ್ತಿರುವ ಹಲವರಿಗೆ ಸಮ್ಮತಿಯಿರಲಾರದು. ಇಲ್ಲಿ ನಮಗೆ ಬೇಕಾದುದು ಹಾಲಿನ ಸಂಗತಿ ಮಾತ್ರ. ಉದ್ದೇಶ ಬೇರೆಯಾದರೂ, ಹಾಲನ್ನು ಕರುವಿಗೇ ಬಿಡುವ ಪದ್ಧತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಮುಂದೆ ಟೀಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರನ್ನು ಪಡೆಯಿತು. ಕಾವಲುಗಳಲ್ಲಿ ಮೇದು ಬೆಳೆದ ಆ ತಳಿಯ ಎತ್ತುಗಳು ಸೈನ್ಯದ ಫಿರಂಗಿಗಳನ್ನೆಳೆದು ಹೆಸರಾದುವು. ಅಮೃತ ಮಹಲ್ ಹಸು ಕೊಡುವ ಹಾಲು ಅಲ್ಪ; ಆದರೆ ಒಳ್ಳೆಯ ಎತ್ತು ಬೇಕೆಂದವರು ಆ ಅಲ್ಪವನ್ನು ಕರುವಿನ ಬಾಯಿಂದ ಕಸಿದುಕೊಳ್ಳಲಿಲ್ಲ.

ಕರೆಯದ ಹಸುವಿನ ಹಾಲನ್ನು ಅಳೆಯುವುದೆಂತು? ಉಪಾಯ ಸರಳವಾಗಿದೆ. ಕರುವನ್ನು ಕೆಲವು ಗಂಟೆಗಳ ಕಾಲ ತಾಯಿಯಿಂದ ಬೇರೆ ಕಟ್ಟಿ, ಆಮೇಲೆ ತೂಗಿ, ಹಾಲು ಕುಡಿಯಬಿಟ್ಟು, ಕುಡಿದೊಡನೆಯೇ ಮತ್ತೆ ತೂಗುತ್ತಾರೆ. ಹೆಚ್ಚಿದ ತೂಕವೇ ಹಾಲಿನ ತೂಕ. ಕರು ನಡುವೆ ಗಂಜಲ ಹೊಯ್ದರೆ ಲೆಕ್ಕ ತಪ್ಪುತ್ತದೆಂಬುದೊಂದೇ ಇದರ ತೊಡಕು. ಹಾಲಿನಲ್ಲಿ ಏನೇನು ಇದೆ ಎಂದು ತಿಳಿಯುವುದು ಇದಕ್ಕಿಂತ ಕಷ್ಟ. ಅಪರಿಚಿತನ ಕೈ ಮುಟ್ಟಿದರೆ ಆ ಹಸು ಹಾಲನ್ನು ಮೇಲಕ್ಕೆಳೆದುಕೊಂಡು ನಿಲ್ಲುತ್ತದೆ. ನಮ್ಮ ನಾಟಿ ಹಸುಗಳ ಗುಣವೂ ಅದೇ ಎಂಬುದು ಹಸು ಕಟ್ಟಿದ ಮನೆಗಳವರಿಗೆಲ್ಲ ಗೊತ್ತು; ಕರು ಬಂದು ಕೆಚ್ಚಲಿಗೆ ಗುದ್ದಿದ ಹೊರತು ಅವು ತೊರೆ ಬಿಡುವುದಿಲ್ಲ. ಹೀಗೆ ಹಾಲು ಇಳಿಯುವುದು ಮಿದುಳಿನ ಬುಡದ ಒಂದು ಗ್ರಂಥಿಯಿಂದ ರಕ್ತಕ್ಕೆ ಹರಿಯುವ ರಸದ ಕೆಲಸವೆಂದು 1941ರಲ್ಲಿ ಈಲಿ ಮತ್ತು ಪೀಟರ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ವಿವರಿಸಿದರು. ಆಕ್ಸಿಟೋಸಿನ್ ಎಂಬ ಆ ರಸವನ್ನು 1953ರಲ್ಲಿ ಡು ವಿನ್ಯೋ ಎಂಬ ರಸಾಯನಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು; ಅವರಿಗೆ 1955ರಲ್ಲಿ ನೊಬೆಲ್ ಬಹುಮಾನ ಬಂತು. ಪರೀಕ್ಷೆಗೆಂದು ಹಾಲು ತೆಗೆಯುವವರು ಈ ರಸವನ್ನು ಸೂಜಿಯಿಂದ ಚುಚ್ಚಿ, ಕೆಚ್ಚಲನ್ನು ಪೂರ್ತಿಯಾಗಿ ಬರಿದುಮಾಡುವರು. ಪೂರ್ತಿ ಬರಿದುಮಾಡಬೇಕಾದ ಕಾರಣವನ್ನು ಹೇಳದೆ ಬಿಡಲಾಗದು. ಒಂದೇ ಹೊತ್ತಿನ ಹಾಲಿನಲ್ಲಿ ಮೊದಲ ಧಾರೆಗೂ ಕಡೆಯ ಧಾರೆಗೂ ಅಜಗಜಾಂತರವಿದೆ: ಮೊದಲ ಧಾರೆಯಲ್ಲಿ ಜಿಡ್ಡು ನೂರಕ್ಕೆ ಒಂದೆರಡು ಪಾಲು ಮಾತ್ರ, ಕಡೆಯದರಲ್ಲಿ ಏಳೆಂಟು ಪಾಲಿಗೂ ಏರಬಹುದು. ನಾಲ್ಕು ಧಾರೆ ಹಿಂಡಿಕೊಂಡು ಹೋಗಿ "ಈ ಹಸುವಿನ ಹಾಲು ಬರಿಯ ನೀರು" ಎಂದು ತೀರ್ಪು ಕೊಡುವವರು ಹಸುವಿಗೆ ಅನ್ಯಾಯ ಮಾಡುತ್ತಾರೆ.

ಈಗ ಮೊದಲ ದಿನದ ಗಿಣ್ಣಿಗೆ ಬರೋಣ. ಚೆನ್ನಾಗಿ ಪರೀಕ್ಷಿಸಲ್ಪಟ್ಟಿರುವ ಹೋಲ್‌ಸ್ಟೀನ್ ಎಂಬ ಹೈನು ಹಸುವಿನ ಲೆಕ್ಕವನ್ನು ಮೊದಲು ಹೇಳುತ್ತೇವೆ. ನೂರು ತೂಕ ಸಾಧಾರಣ ಹಾಲಿನಲ್ಲಿ ನೀರನ್ನು ಕಳೆದು ಉಳಿಯುವ ಘನಾಂಶ ಸುಮಾರು 13. ಈಂದ ಕೂಡಲೇ ಕರೆದ ಗಿಣ್ಣಿನಲ್ಲಿ ಅದು ಸುಮಾರು 24. ಪ್ರೋಟೀನು ಹಾಲಿನಲ್ಲಿ 3ಕ್ಕೆ ಸ್ವಲ್ಪ ಮೇಲೆ, ಗಿಣ್ಣಿನಲ್ಲಿ 14. ಜಿಡ್ಡು ಹಾಲಿನಲ್ಲಿ 4, ಗಿಣ್ಣಿನಲ್ಲಿ 6ಕ್ಕೂ ಮೇಲೆ. ಸಕ್ಕರೆಯೊಂದು ಮಾತ್ರ ಹಿಂದುಮುಂದು: ಹಾಲಿನಲ್ಲಿ 5 ಪಾಲಿದ್ದರೆ ಗಿಣ್ಣಿನಲ್ಲಿ 3 ಪಾಲೂ ಇಲ್ಲ. ಎ ಜೀವಸತ್ತ್ವ ಹಲವು ಪಟ್ಟು ಹೆಚ್ಚು. ಹಳದಿ ಬಣ್ಣ ಹಸಿರು ಮೇವಿನಿಂದ ಬಂದ ಕ್ಯಾರೊಟೀನಿನದು. ಈ ಐಶ್ವರ್ಯ ಎಷ್ಟು ಬೇಗ ಕರಗುತ್ತದೆಂಬುದೇ ಆಶ್ಚರ್ಯ. ಎರಡನೆಯ ಸಲ ಕರೆಯುವಾಗ ಪ್ರೋಟೀನು 14ರಿಂದ ಸುಮಾರು 8ಕ್ಕೆ ಇಳಿದಿರುತ್ತದೆ; ಮೂರನೆಯ ಸಲಕ್ಕೆ ಸುಮಾರು 5. ಮೂರು ನಾಲ್ಕು ದಿನಗಳೊಳಗೆ ಅದು ಬಹುಮಟ್ಟಿಗೆ ಹಾಲೇ ಆಗಿರುತ್ತದೆ.

ಕರೆಯದ ಮಾಂಸದ ತಳಿಗಳಲ್ಲಿ ಗಿಣ್ಣಿನ ಪ್ರಮಾಣ ಇದಕ್ಕಿಂತ ಕಡಮೆ, ಸಾಂದ್ರತೆ ಹೆಚ್ಚು. ಹೈನು ಹಸು ಕೊಡ ತುಂಬ ಕೊಡುವ ವಸ್ತುವನ್ನು ಆಂಗಸ್ ಹಸು ಒಂದು ಚೊಂಬಿನಲ್ಲಿ ಇಟ್ಟುಕೊಡುತ್ತದೆ ಎನ್ನಬಹುದು. ಎರಡರಲ್ಲಿಯೂ ಮುಖ್ಯವಾದುದು ಪ್ರೋಟೀನಿನ ಒಂದು ಬಗೆ. ಸಾಧಾರಣ ಹಾಲಿನ ಪ್ರೋಟೀನಿನಲ್ಲಿ ದೊಡ್ಡ ಪಾಲು ಕೇಸೀನು. ಅದು ಹುಳಿಗೆ ಒಡೆಯುತ್ತದೆ, ಬರಿಯ ಕಾವಿಗೆ ಒಡೆಯುವುದಿಲ್ಲ. ಗಿಣ್ಣಿನಲ್ಲಿ ಕೇಸೀನಿಗಿಂತ ಹಾಲೊಡಕಿನ ಪ್ರೋಟೀನು ಹೆಚ್ಚು. ಅದರಲ್ಲಿಯೂ ರೋಗನಿರೋಧಕ ಗ್ಲೋಬುಲಿನ್ನುಗಳದು ಬಹು ದೊಡ್ಡ ಪಾಲು. ಇವು ಕಾವು ತಗುಲಿದರೆ ಕೋಳಿಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತವೆ. ಒಲೆಯ ಮೇಲಿನ ಪಾತ್ರೆಯಲ್ಲಿ ಬಿಲ್ಲೆಯಾಗಿ ನಿಲ್ಲುವುದು ಇವೇ. ಕರುವಿನ ಪ್ರಾಣವನ್ನು ಕಾಯಬೇಕಾಗಿದ್ದ ವಸ್ತುವೂ ಇವೇ.

ಪ್ರಾಣದ ಮಾತು ಅತಿಶಯೋಕ್ತಿಯೆಂದು ತೋರಬಹುದು, ಅಲ್ಲ. ಮನುಷ್ಯರಲ್ಲಿ ಮಾಸಿನ ರಚನೆಯಿಂದಾಗಿ ತಾಯಿಯ ರಕ್ತದ ನಿರೋಧಕಗಳು ಗರ್ಭದಲ್ಲಿಯೇ ಶಿಶುವನ್ನು ಸೇರುತ್ತವೆ. ಕೂಸು ಹುಟ್ಟುವಾಗಲೇ ತಾಯಿಯ ಕವಚವನ್ನು ತೊಟ್ಟು ಬರುತ್ತದೆ. ಹಸುವಿನಲ್ಲಿ ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಪದರದ ಮೇಲೆ ಪದರವಿದ್ದು, ಈ ದೊಡ್ಡ ಅಣುಗಳು ದಾಟಲಾರವು. ಆದುದರಿಂದ ಕರು ನೆಲಕ್ಕೆ ಬೀಳುವಾಗ ನಿರೋಧಕಗಳ ಮಟ್ಟಿಗೆ ಹೆಚ್ಚು ಕಡಮೆ ಬರಿಗೈ. ಬಿದ್ದ ನೆಲವೋ ಕೊಟ್ಟಿಗೆಯ ನೆಲ. ಸಗಣಿ, ಗಂಜಲ, ನೊಣ, ಅದೃಶ್ಯವಾದ ಕೋಟಿ ಸೂಕ್ಷ್ಮಜೀವಿಗಳು.

ಪ್ರಕೃತಿ ಈ ಕೊರತೆಯನ್ನು ತುಂಬಿರುವ ಬಗೆ ಅದ್ಭುತವಾಗಿದೆ. ಬೆಳೆದ ಪ್ರಾಣಿಯ ಕರುಳು ಪ್ರೋಟೀನನ್ನು ಚೂರು ಚೂರು ಮಾಡಿ ಜೀರ್ಣಿಸಿಕೊಳ್ಳುತ್ತದೆ; ಇಡಿಯಾಗಿ ಒಳಕ್ಕೆ ಬಿಡುವುದಿಲ್ಲ. ಆಗತಾನೆ ಹುಟ್ಟಿದ ಕರುವಿನ ಕರುಳು ಮಾತ್ರ ಗ್ಲೋಬುಲಿನ್ನನ್ನು ಇಡಿಯಾಗಿಯೇ ನುಂಗಿ ರಕ್ತಕ್ಕೆ ಸಾಗಿಸುತ್ತದೆ. ಅದು ಜೀರ್ಣವಾಗಿ ಹಾಳಾಗದಂತೆ ತಡೆಯುವ ವಸ್ತುವೊಂದೂ ಗಿಣ್ಣಿನಲ್ಲಿಯೇ ಇದೆ. ಆದರೆ ಈ ಬಾಗಿಲು ಹುಟ್ಟಿದ ಗಳಿಗೆಯಿಂದಲೇ ಮುಚ್ಚಿಕೊಳ್ಳಲಾರಂಭಿಸುತ್ತದೆ. ಮೊದಲ ಎರಡು ಗಂಟೆಗಳಲ್ಲಿ ಅಗಲವಾಗಿ ತೆರೆದಿರುತ್ತದೆ. ಆರು ಗಂಟೆ ಕಳೆಯುವಷ್ಟರಲ್ಲಿ ಬಹಳ ಕಿರಿದಾಗಿರುತ್ತದೆ. ಒಂದು ದಿನ ತುಂಬುವ ಹೊತ್ತಿಗೆ ಮುಚ್ಚಿಯೇ ಹೋಗಿರುತ್ತದೆ. ಇಪ್ಪತ್ತು ಕಿಲೋಗ್ರಾಂ ತೂಕದ ಕರುವಿಗೆ ಮೊದಲ ಅರ್ಧ ದಿನದಲ್ಲಿ ಎರಡು ಲೀಟರಿನಷ್ಟು ಗಿಣ್ಣು ಸೇರಬೇಕೆಂಬುದು ಪಶುವೈದ್ಯರ ಲೆಕ್ಕ. ಮೊದಲ ದಿನ ಒಂದು ತೊಟ್ಟನ್ನೂ ಕುಡಿಯದ ಕರುವಿಗೆ ಎರಡನೆಯ ದಿನ ಕೊಡ ತುಂಬ ಕುಡಿಸಿದರೂ ಅದು ರಕ್ತವನ್ನು ಮುಟ್ಟದು. ಕರುಳಿನೊಳಗಿನ ರೋಗಾಣುಗಳನ್ನು ತಡೆಯುವುದಕ್ಕೆ ಅಷ್ಟಿಷ್ಟು ಸಹಾಯವಾದೀತು, ಅಷ್ಟೆ.

ತಾಯಿಯ ಹಾಲಿನ ಮೂಲಕ ರೋಗನಿರೋಧವು ಮರಿಗೆ ದಾಟುತ್ತದೆಂಬುದನ್ನು 1892ರಲ್ಲಿ ಜರ್ಮನಿಯ ಪಾಲ್ ಏರ್ಲಿಕ್ ಎಂಬ ಮಹಾವಿಜ್ಞಾನಿ ಇಲಿಗಳಲ್ಲಿ ತೋರಿಸಿದ್ದನು. ಕರುಗಳಲ್ಲಿ ಇದನ್ನು ನಿಸ್ಸಂದೇಹವಾಗಿ ಸಿದ್ಧಪಡಿಸಿದವರು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟ್ಲ್. ದನಗಳ ಟೆಕ್ಸಸ್ ಜ್ವರ ಉಣ್ಣೆಗಳಿಂದ ಹರಡುತ್ತದೆಂದು ಹಿಂದೆ ಕಂಡುಹಿಡಿದ ಸ್ಮಿತ್ತನೇ ಈತ. 1922ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ಒಂದೇ ಪರಿಸರದಲ್ಲಿ ಕೆಲವು ಕರುಗಳಿಗೆ ಗಿಣ್ಣನ್ನು ಕುಡಿಸಿ, ಕೆಲವಕ್ಕೆ ಗಿಣ್ಣಿಲ್ಲದೆ ಹಾಲನ್ನೇ ಕುಡಿಸಿದರು. ಗಿಣ್ಣು ಕುಡಿದ ಕರುಗಳು ಬದುಕಿದುವು. ಕುಡಿಯದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತುವು. ಅವುಗಳನ್ನು ಕೊಂದುದು ಯಾವುದೋ ಘೋರವಾದ ಸಾಂಕ್ರಾಮಿಕವಲ್ಲ. ಯಾವ ಕೊಟ್ಟಿಗೆಯಲ್ಲಿಯೂ ಇರುವ, ಬೆಳೆದ ದನಕ್ಕೆ ಏನೂ ಮಾಡದ, ಕರುಳಿನ ಸಾಮಾನ್ಯ ಸೂಕ್ಷ್ಮಜೀವಿಗಳು.

ಈ ಸಂಗತಿಯನ್ನು ಓದಿದಾಗ ನಮಗೆ ಮನೆಯ ಒಂದು ಹಳೆಯ ನೆನಪು ಬಂತು. ನಮ್ಮ ಮನೆಯಲ್ಲಿ ಒಂದು ಕೆಂದ ಹಸುವಿತ್ತು. ಅದು ಚೊಚ್ಚಲಿಗೆ ಈಂದುದು ರಾತ್ರಿ ಹತ್ತು ಗಂಟೆಯ ಸುಮಾರಿಗೆ. ಮಾಸು ಬೀಳುವ ತನಕ ಕರುವನ್ನು ಮೊಲೆಗೆ ಬಿಡಕೂಡದೆಂಬುದು ಹಿರಿಯರ ಕಟ್ಟಳೆ. ಮಾಸು ಬಿದ್ದುದು ಬೆಳಗಿನ ಜಾವಕ್ಕೆ. ಅಷ್ಟು ಹೊತ್ತೂ ಕರು ಎದ್ದು, ಬಿದ್ದು, ಎದ್ದು, ಕೊನೆಗೆ ಸೋತು ಮಲಗಿತು. ಬೆಳಗ್ಗೆ ಮೊದಲ ನಾಲ್ಕು ಧಾರೆಯನ್ನು ಕೆಟ್ಟದ್ದೆಂದು ನೆಲಕ್ಕೆ ಹಿಂಡಿದರು. ಮನೆಗೆಂದು ಒಂದು ಚೊಂಬು ಕರೆದರು. ಆಮೇಲೆ ಕರುವನ್ನು ಬಿಟ್ಟರು. ಅದು ಒಂದಿಷ್ಟು ಚೀಪಿ ಬಿಟ್ಟಿತು. ನಾವು ಮಕ್ಕಳು ಆ ಮಧ್ಯಾಹ್ನ ಬಾಳೆಯೆಲೆಯ ಮೇಲೆ ಗಿಣ್ಣು ತಿಂದೆವು. ಮೂರನೆಯ ದಿನ ಕರುವಿಗೆ ಬಿಳಿಯ ಭೇದಿ ಹತ್ತಿತು; ಐದನೆಯ ದಿನ ಸತ್ತಿತು. ದೃಷ್ಟಿಯಾಯಿತೆಂದು ಅಜ್ಜಿ ಹೇಳಿದರು. ಅಂದು ಯಾರ ಮನಸ್ಸಿನಲ್ಲಿಯೂ ಕೇಡಿರಲಿಲ್ಲ. ಹಸುವಿಗೆ ದಿನವೂ ಅರಿಸಿನ ಕುಂಕುಮವಿಟ್ಟು ಕೈ ಮುಗಿಯುತ್ತಿದ್ದ ಮನೆ ಅದು.

ಕಾದು ಕೂರುವ ಈ ಕಟ್ಟಳೆ ನಮ್ಮ ಮನೆಯೊಂದರದೇ ಅಲ್ಲ. ಈ ದೇಶದ ಬಹು ಕಡೆಗಳಲ್ಲಿ ಇದೆ. ಮಾಸು ಬೀಳುವುದಕ್ಕೂ ಗಿಣ್ಣಿನ ಗುಣಕ್ಕೂ ಸಂಬಂಧವೇ ಇಲ್ಲ. ಕರು ಮೊಲೆಯನ್ನು ಚೀಪುವುದರಿಂದ ಹರಿಯುವ ಆಕ್ಸಿಟೋಸಿನ್ ಗರ್ಭಕೋಶವನ್ನೂ ಕುಗ್ಗಿಸತಕ್ಕುದಾದುದರಿಂದ, ಬೇಗ ಬಿಡುವುದೇ ಮೇಲು. ಗಿಣ್ಣು ಹೆಚ್ಚಾದರೆ ಅಜೀರ್ಣವೆಂಬ ಭಯವೂ ನಿರಾಧಾರವಾದುದು. ನಮ್ಮ ಹಳೆಯ ಗ್ರಂಥಗಳೆಲ್ಲ ಒಂದೇ ಪಕ್ಷವನ್ನು ಹಿಡಿದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಮನುಸ್ಮೃತಿಯ ಐದನೆಯ ಅಧ್ಯಾಯವು ಹಸುವಿನ ಗಿಣ್ಣನ್ನೂ, ಈಂದ ಹತ್ತು ದಿನಗಳೊಳಗಿನ ಹಾಲನ್ನೂ ಮನುಷ್ಯರಿಗೆ ವರ್ಜ್ಯವೆಂದು ವಿಧಿಸಿದೆ. ಅಲ್ಲಿ ಗಿಣ್ಣಿಗೆ ಇರುವ ಹೆಸರು ಪೀಯೂಷ. ದೇವತೆಗಳ ಅಮೃತಕ್ಕೂ ಸಂಸ್ಕೃತದಲ್ಲಿ ಅದೇ ಹೆಸರು. ಸ್ಮೃತಿಕಾರನ ಮನಸ್ಸಿನಲ್ಲಿದ್ದುದು ಸೂತಕವೋ ಕರುವಿನ ಹಕ್ಕೋ, ನಾವು ಊಹೆಗೆ ಹೋಗುವುದಿಲ್ಲ. ವಿಧಿಯನ್ನು ಪಾಲಿಸಿದ ಮನೆಯಲ್ಲಿ ಗಿಣ್ಣೆಲ್ಲ ಕರುವಿಗೇ ಉಳಿಯುತ್ತಿತ್ತೆಂಬುದು ಮಾತ್ರ ಸ್ಪಷ್ಟ. ಗಿಣ್ಣು ತಿನ್ನಲೇಬಾರದೆಂದು ನಾವು ಹೇಳುವವರಲ್ಲ. ಆ ರುಚಿಯನ್ನು ಬಿಡುವುದು ನಮ್ಮಿಂದಲೂ ಆಗದು. ಕರುವಿನ ಹೊಟ್ಟೆ ತುಂಬಿದ ಮೇಲೆ, ಎರಡನೆಯ ಹೊತ್ತಿನದನ್ನೋ ಮೂರನೆಯ ಹೊತ್ತಿನದನ್ನೋ ಕರೆದುಕೊಳ್ಳಬಹುದು. ಅದು ಮೊದಲಿನದರಷ್ಟು ಗಟ್ಟಿಯಾಗಿ ನಿಲ್ಲದು, ಸ್ವಲ್ಪ ನಡುಗುತ್ತದೆ. ರುಚಿಗೆ ಕೊರತೆಯಿಲ್ಲ.

ಗಿಣ್ಣು ಹೇಗೆ ಹಾಲಾಗುತ್ತದೆ? ಇದಕ್ಕೆ ಉತ್ತರ ಆ ಒಂದು ಸಕ್ಕರೆಯಲ್ಲಿದೆ. ಹಾಲಿನ ಸಕ್ಕರೆ ಕೆಚ್ಚಲಿನಲ್ಲಿಯೇ ತಯಾರಾಗುವ ವಸ್ತು. ತಯಾರಾದಷ್ಟೂ ಅದು ನೀರನ್ನು ತನ್ನೆಡೆಗೆ ಸೆಳೆಯುತ್ತದೆ. ಕರು ಹುಟ್ಟಿದ ಮೇಲೆ ಸಕ್ಕರೆಯ ಉತ್ಪತ್ತಿ ಭರದಿಂದ ಏರುತ್ತದೆ, ನೀರು ಬಂದು ಸೇರುತ್ತದೆ, ಹಾಲಿನ ಮೊತ್ತ ಹೆಚ್ಚುತ್ತದೆ. ಇತ್ತ ರಕ್ತದಿಂದ ಗ್ಲೋಬುಲಿನ್ನುಗಳನ್ನು ಒಳಕ್ಕೆ ತರುತ್ತಿದ್ದ ಕೆಲಸ ನಿಂತುಹೋಗಿರುವುದರಿಂದ, ಇದ್ದುದು ಖಾಲಿಯಾಗುತ್ತ, ತೆಳುವಾಗುತ್ತ ಹೋಗುತ್ತದೆ. ಸಕ್ಕರೆ ಏರಿದಂತೆಲ್ಲ ಉಪ್ಪು ಇಳಿಯುತ್ತದೆ. ಎರಡೂ ಸೇರಿ ರಕ್ತದೊಡನೆ ಸಮತೂಕವನ್ನು ಕಾಯಬೇಕಷ್ಟೆ. ಬತ್ತುವ ಕಾಲಕ್ಕೆ ಸಕ್ಕರೆ ತಗ್ಗಿ ಉಪ್ಪು ಮತ್ತೆ ಏರುವುದರಿಂದಲೇ ಅಂಥ ಹಸುವಿನ ಹಾಲಿನಲ್ಲಿ ಕಾಫಿ ಮಾಡಿದರೆ ನಾಲಗೆಗೆ ಏನೋ ಒಗರು ಉಪ್ಪು ತಗುಲುತ್ತದೆ. ಗೃಹಿಣಿಯರು ಇದನ್ನು ಯಾವ ಉಪಕರಣವೂ ಇಲ್ಲದೆ ಕಂಡುಹಿಡಿದಿದ್ದಾರೆ.

ಮುಂದಿನ ತಿಂಗಳುಗಳ ಕಥೆ ನಿಧಾನವಾದುದು. ಮಾಂಸದ ತಳಿಯ ಹಸುವಿನಲ್ಲಿ ಹಾಲು ಎರಡನೆಯ ತಿಂಗಳ ಸುಮಾರಿಗೆ ದಿನಕ್ಕೆ ಎಂಟು ಹತ್ತು ಕಿಲೋಗ್ರಾಮಿನವರೆಗೆ ಏರಿ, ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ. ಹಾಲು ಹೆಚ್ಚಿರುವ ಕಾಲದಲ್ಲಿ ಜಿಡ್ಡೂ ಪ್ರೋಟೀನೂ ನೂರಕ್ಕೆ ಇಷ್ಟೆಂಬ ಲೆಕ್ಕದಲ್ಲಿ ಕೆಳಗಿರುತ್ತವೆ; ಹಾಲು ಇಳಿದಂತೆ ಅವು ಏರುತ್ತವೆ. ಅಷ್ಟು ಹೊತ್ತಿಗೆ ಕರು ಹುಲ್ಲನ್ನು ಕಡಿಯುವುದನ್ನು ಕಲಿತು, ಮೆಲುಕು ಹಾಕುವ ಹೊಟ್ಟೆಯನ್ನು ಬೆಳೆಸಿಕೊಂಡಿರುತ್ತದೆ. ಗಿಣ್ಣಿನ ಜಿಡ್ಡಿಗೂ ಒಂದು ಕೆಲಸವಿದೆಯೆಂಬುದನ್ನು ಹೇಳಲು ಮರೆತೆವು. ಅಮೆರಿಕದ ಮೊಂಟಾನಾದಂಥ ಶೀತಪ್ರಾಂತದಲ್ಲಿ ಚಳಿ ಮುಗಿಯುವ ಮುನ್ನವೇ ಹಿಮದ ಮೇಲೆ ಹುಟ್ಟುವ ಕರು ಒದ್ದೆ ಮೈಯಲ್ಲಿ ನಡುಗುತ್ತಿರುವಾಗ, ಮೈಕಾವಿಗೆ ಬೇಕಾದ ಸೌದೆ ಆ ಜಿಡ್ಡೇ.

ಇನ್ನು ಗ್ಲೋಬುಲಿನ್ನು ಕೆಚ್ಚಲಿಗೆ ಬರುವುದು ಯಾವಾಗ? ಈಯುವುದಕ್ಕೆ ಕೆಲವು ವಾರ ಮೊದಲಿನಿಂದ, ಕರೆಯುವುದನ್ನು ನಿಲ್ಲಿಸಿದ ಕೆಚ್ಚಲು ತಾಯಿಯ ರಕ್ತದಿಂದ ಅದನ್ನು ಹೀರಿ ಕೂಡಿಡುತ್ತದೆ. ಆ ದಿನಗಳಲ್ಲಿ ಹಸುವಿನ ರಕ್ತದಲ್ಲಿಯೇ ಅದರ ಪ್ರಮಾಣ ತಗ್ಗುವುದುಂಟು. ತನ್ನದನ್ನೇ ತೆಗೆದು ಇಡುತ್ತಿದೆಯಷ್ಟೆ. ಆದುದರಿಂದ ಈಯುವ ಹಿಂದಿನ ದಿನದವರೆಗೂ ಬಿಡದೆ ಕರೆದ ಹಸುವಿನ ಗಿಣ್ಣು ಬಡವಾಗಿರುತ್ತದೆ. ಮೊದಲ ಸಲ ಈಯುವ ಕಡಸಿನದು ಸಾಮಾನ್ಯವಾಗಿ ಅಲ್ಪ. ನಾಲ್ಕಾರು ಸಲ ಈಂದ ಹಸು ಹೆಚ್ಚು ರೋಗಗಳನ್ನು ಎದುರಿಸಿರುವುದರಿಂದ ಅದರ ಗಿಣ್ಣಿನಲ್ಲಿ ಹೆಚ್ಚು ಬಗೆಯ ನಿರೋಧಕಗಳಿರುತ್ತವೆ. ಹೀಗೆ ಕೂಡಿಟ್ಟುದು ಆ ಹಸು ಬಾಳಿದ ಊರಿನ, ಆ ಕೊಟ್ಟಿಗೆಯ ರೋಗಗಳಿಗೆ ತಕ್ಕುದು. ಪೇಟೆಯಲ್ಲಿ ಹಾಲಿನ ವ್ಯಾಪಾರ ಮಾಡುವವರು ತುಂಬುಗಬ್ಬದ ಹಸುವನ್ನು ಸಂತೆಯಲ್ಲಿ ಕೊಂಡು, ಈಯಲು ಮೂರು ನಾಲ್ಕು ದಿನವಿರುವಾಗ ಲಾರಿಯಲ್ಲಿ ತಂದು ಹೊಸ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಕೆಚ್ಚಲು ತುಂಬಿರುತ್ತದೆ, ಒಳಗಿರುವ ಕಾವಲುಗಾರರು ಹಳೆಯ ಊರಿನವರು. ಹಸುವನ್ನು ಕೊಳ್ಳಲೇಬೇಕಾದವರು ಎರಡು ತಿಂಗಳು ಮುಂಚೆ ಕೊಂಡು ತಂದರೆ, ಹೊಸ ಕೊಟ್ಟಿಗೆಯ ರೋಗಾಣುಗಳನ್ನು ಹಸು ಪರಿಚಯ ಮಾಡಿಕೊಂಡು, ಅವುಗಳಿಗೆ ತಕ್ಕ ನಿರೋಧಕವನ್ನು ಗಿಣ್ಣಿಗೆ ಸೇರಿಸುವಷ್ಟು ಕಾಲ ದೊರೆಯುತ್ತದೆ.